ಅಸ್ತಮಾನಕ್ಕೆ ಮುನ್ನ

ಚಾತುರ್ಮಾಸ ಮುಗಿದು ಮುನಿಸಂಘಗಳು ಮತ್ತೆ ವಿಹಾರಕ್ಕೆ ಹೊರಡುವ ಕಾಲಕ್ಕೆ ಸರಿಯಾಗಿ ಹೆಗ್ಗಡದೇವನಕೋಟೆ ಸೀಮೆಯ ಹೊಲಗಳ ಮೇಲೆ ಇನ್ನೊಂದು ವಿಹಾರವೂ ನಡೆಯುತ್ತದೆ. ಪೂರ್ವದ ಬಯಲಿನಿಂದ ಪಶ್ಚಿಮದ ಕಾಡಿನತ್ತ ಚಿಟ್ಟೆಗಳು ಆಳೆತ್ತರದಲ್ಲಿ ಒಂದರ ಹಿಂದೊಂದಾಗಿ ಸಾಗುತ್ತವೆ. ನೋಡುತ್ತ ನಿಂತವರಿಗೆ ಮೊದಲು ಅದೊಂದು ವಿಶೇಷವೆಂದು ತೋರುವುದಿಲ್ಲ. ಒಂದು ಹೋಯಿತು, ಮತ್ತೊಂದು ಹೋಯಿತು ಎನ್ನುವಷ್ಟೇ. ಕಾಲು ಗಂಟೆ ಕಳೆದರೂ ಒಂದಾದರೂ ಹಿಂದಿರುಗಿ ಬಾರದಿರುವುದನ್ನು ಕಂಡಾಗ ಮಾತ್ರ ಇದು ಹೂವಿನಿಂದ ಹೂವಿಗೆ ಹಾರುವ ಆಟವಲ್ಲ, ದಿಕ್ಕು ತಿಳಿದ ಪಯಣ ಎಂಬುದು ಮನವರಿಕೆಯಾಗುತ್ತದೆ.

ಈ ಪಯಣದ ಕ್ರಮವನ್ನು ಕೀಟಶಾಸ್ತ್ರಜ್ಞರು ಬಹುಮಟ್ಟಿಗೆ ಗುರುತಿಸಿದ್ದಾರೆ. ಮುಂಗಾರು ಘಟ್ಟಕ್ಕೆ ಅಪ್ಪಳಿಸುವ ಮೊದಲು, ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ, ಇವು ಪಶ್ಚಿಮಘಟ್ಟವನ್ನು ಬಿಟ್ಟು ಪೂರ್ವದ ಬಯಲಿಗೆ ಇಳಿಯುತ್ತವೆ. ಅಲ್ಲಿ ಮಳೆಗೆ ಚಿಗುರಿದ ಹಾಲುಬಳ್ಳಿಗಳ ಮೇಲೆ ಅವುಗಳ ಸಂತಾನ ಬೆಳೆಯುತ್ತದೆ. ಮಳೆಗಾಲ ಹಿಂದಾದ ಮೇಲೆ, ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ, ಘಟ್ಟದ ತಪ್ಪಲಿನ ನೆರಳುಗಾಡುಗಳತ್ತ ಮರುಪಯಣ. ಹೋದ ಚಿಟ್ಟೆಯೇ ಮರಳುವುದಿಲ್ಲ. ಬಯಲಿನಲ್ಲಿ ಹುಟ್ಟಿದ ಪೀಳಿಗೆಯು ತಾನೆಂದೂ ಕಾಣದ ಕಾಡನ್ನು ಅರಸಿ ಹೊರಡುತ್ತದೆ. ಹೀಗೆ ಹೊರಡುವವುಗಳಲ್ಲಿ ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಗೆರೆ-ಚುಕ್ಕೆಗಳುಳ್ಳ ಎರಡು ಜಾತಿಗಳೂ, ಕಂದುಗಪ್ಪು ರೆಕ್ಕೆಯ ಅಂಚಿಗೆ ಬಿಳಿಯ ಚುಕ್ಕೆ ಹೊತ್ತ ಎರಡು ಜಾತಿಗಳೂ ಮುಖ್ಯವಾದವು. ಆಂಗ್ಲರು ಮೊದಲಿನವನ್ನು ಹುಲಿಯೆಂದೂ ನಂತರದವನ್ನು ಕಾಗೆಯೆಂದೂ ಹೆಸರಿಸಿದ್ದಾರೆ. ಅಂಗೈಯಗಲದ ಈ ಜೀವಿಗೆ ಹುಲಿಯೆಂದು ಹೆಸರಿಟ್ಟವರ ಮನಸ್ಸು ಬೇಟೆಯಲ್ಲಿತ್ತೇನೋ!

ಹಂಪಾಪುರವು ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ, ಹೆಗ್ಗಡದೇವನಕೋಟೆಗೆ ಮುಂಚೆ ಸಿಗುವ ಹೋಬಳಿ ಕೇಂದ್ರ. ಹತ್ತಿ, ರಾಗಿ, ಹುರುಳಿ ಬೆಳೆಯುವ ನೆಲ. ಅಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕರೊಬ್ಬರನ್ನು ಊರಿನವರೆಲ್ಲ ಮೇಷ್ಟ್ರು ಎಂದೇ ಕರೆಯುತ್ತಾರೆ. ಸುತ್ತಲ ಶ್ರಾವಕ ಕುಟುಂಬಗಳು ನಡೆಸುವ ಒಂದು ಚಿಕ್ಕ ಬಸದಿಯ ಟ್ರಸ್ಟಿನಲ್ಲಿ ಅವರೂ ಸದಸ್ಯರು. ಇಪ್ಪತ್ತರ ವಯಸ್ಸಿನಲ್ಲಿ ಕೈಗೊಂಡ ರಾತ್ರಿಭೋಜನ ತ್ಯಾಗದ ವ್ರತವನ್ನು ಐವತ್ತು ವರ್ಷಕ್ಕೂ ಮೀರಿ ಭಂಗವಿಲ್ಲದೆ ಪಾಲಿಸಿದವರು. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಯಬೇಕು. ಬಂಧುಗಳ ಮದುವೆಯಾಗಲಿ, ಆಸ್ಪತ್ರೆಯ ಜಗುಲಿಯಾಗಲಿ, ಅವರ ಕೈಗಡಿಯಾರ ಇದೊಂದು ವಿಷಯದಲ್ಲಿ ರಿಯಾಯಿತಿ ತೋರಿದ್ದಿಲ್ಲ.

ಅವರ ಮನೆಯ ಬೇಲಿಯ ಮಗ್ಗುಲಲ್ಲಿ ಹಳದಿ ಹೂವಿನ ಗಿಲಗಿಚ್ಚಿ ಗಿಡಗಳು ತಾವಾಗಿ ಬೆಳೆದಿವೆ. ಒಣಗಿದ ಕಾಯಿಯನ್ನು ಅಲುಗಿಸಿದರೆ ಮಕ್ಕಳ ಗಿಲಕಿಯಂತೆ ಸದ್ದು ಮಾಡುವ ಗಿಡ. ಹಸಿರೆಲೆಗೊಬ್ಬರಕ್ಕೆ ಬಿತ್ತುವ ಸೆಣಬಿನ ಕುಲದ್ದೇ. ಪ್ರತಿ ಕಾರ್ತಿಕದಲ್ಲಿ ಅವುಗಳ ಮೇಲೆ ನೀಲಿಗೆರೆಯ ಚಿಟ್ಟೆಗಳು ಬಂದು ಕೂರುವುದನ್ನು ಮೇಷ್ಟ್ರು ವರ್ಷಗಳಿಂದ ಕಂಡಿದ್ದರು. ಮೈಸೂರಿನಿಂದ ರಜೆಗೆ ಬರುತ್ತಿದ್ದ ಹತ್ತು ವರ್ಷದ ಮೊಮ್ಮಗಳು, ಇವೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತವೆ ಎಂದು ಕೇಳಿದ್ದೇ ಮುಂದಿನದಕ್ಕೆಲ್ಲ ಕಾರಣವಾಯಿತು.

ಟ್ರಸ್ಟಿನ ಸಭೆಯಲ್ಲಿ ಮೇಷ್ಟ್ರು ವಿಷಯ ಮಂಡಿಸಿದರು. ಪ್ರತಿವರ್ಷದಂತೆ ಗೊಮ್ಮಟಗಿರಿಗೆ ಹೋಗುವುದು ಇದ್ದೇ ಇದೆ. ಈ ಸಲ ಮಕ್ಕಳನ್ನು ಒಂದು ದಿನ ಕಾಡಂಚಿಗೆ ಕರೆದೊಯ್ಯೋಣ, ಚಿಟ್ಟೆಗಳು ಚಳಿಗಾಲ ಕಳೆಯುವ ನೆಲೆಯನ್ನು ತೋರಿಸೋಣ. ಹುಳು ನೋಡಲು ಬಸ್ಸು ಮಾಡಿಕೊಂಡು ಹೋಗುವುದೇ ಎಂದು ಒಬ್ಬರು ನಕ್ಕರು. ಮೇಷ್ಟ್ರು ನಗಲಿಲ್ಲ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಕೃಮಿ, ಇರುವೆ, ದುಂಬಿ, ಮನುಷ್ಯ ಎಂದು ಒಂದೊಂದು ಇಂದ್ರಿಯವನ್ನು ಹೆಚ್ಚಿಸುತ್ತ ಎಣಿಸುತ್ತಾರಲ್ಲ, ಪಾಠಶಾಲೆಯಲ್ಲಿ ಮಕ್ಕಳು ಅದನ್ನು ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ಚತುರಿಂದ್ರಿಯ ಜೀವವೊಂದನ್ನು ನಿಂತು ನೋಡಿದ ಮಗು ಎಷ್ಟಿದೆ ಎಂದು ಕೇಳಿದರು. ಸಭೆ ಒಪ್ಪಿತು.

2022ರ ನವೆಂಬರ್ 13, ಭಾನುವಾರ. ಬೆಳಗಿನ ಅಭಿಷೇಕ ಮುಗಿಸಿ ಮಕ್ಕಳೂ ಹಿರಿಯರೂ ಸೇರಿ ಇಪ್ಪತ್ತೆರಡು ಜನ ಒಂದು ಮಿನಿ ಬಸ್ಸಿನಲ್ಲಿ ಹೊರಟರು. ಹೊರಡುವ ಮುನ್ನ ಹೆಂಗಸರು ನೀರನ್ನು ಇಮ್ಮಡಿ ಬಟ್ಟೆಯಲ್ಲಿ ಸೋಸಿ ಪಾತ್ರೆಗಳಿಗೆ ತುಂಬಿದರು. ಬಟ್ಟೆಯಲ್ಲಿ ಉಳಿದುದನ್ನು ಎಂದಿನಂತೆ ಸೇದಿದ ಬಾವಿಗೇ ಮೆಲ್ಲನೆ ಮರಳಿಸಿದರು. ಕಣ್ಣಿಗೆ ಕಾಣದ ಜೀವಕ್ಕೂ ತಾನಿದ್ದ ನೀರೇ ಸಿಗಲಿ ಎಂಬ ಈ ಎಚ್ಚರದಿಂದಲೇ ಆ ದಿನ ಆರಂಭವಾಯಿತು ಎಂಬುದನ್ನು ನೆನಪಿನಲ್ಲಿಡಬೇಕು.

ಹೆಗ್ಗಡದೇವನಕೋಟೆ, ಹ್ಯಾಂಡ್‌ಪೋಸ್ಟ್ ದಾಟಿ ಅಂತರಸಂತೆಯ ಕಡೆಗೆ ದಾರಿ. ಮುಂದೆ ದಮ್ಮನಕಟ್ಟೆಯಿಂದಾಚೆ ರಸ್ತೆ ನಾಗರಹೊಳೆ ಅರಣ್ಯವನ್ನು ಹೊಕ್ಕು ಬಾವಲಿಗೆ ಹೋಗುತ್ತದೆ. ಆ ಅರಣ್ಯಭಾಗದಲ್ಲಿ ವಾಹನ ನಿಲ್ಲಿಸಿ ಇಳಿಯುವಂತಿಲ್ಲ. ಆದ್ದರಿಂದ ಅರಣ್ಯದ ತನಿಖಾ ಠಾಣೆಗೆ ಮುಂಚೆಯೇ, ಪರಿಚಯದ ರೈತರೊಬ್ಬರ ಜಮೀನಿಗೆ ತಾಗಿದ ಹಳ್ಳದ ಬಳಿ ಬಸ್ಸು ನಿಂತಿತು. ದಾರಿಯುದ್ದಕ್ಕೂ ಮೇಷ್ಟ್ರು ಮಕ್ಕಳಿಗೆ ಮೆಕ್ಸಿಕೋ ದೇಶದ ಸಂಗತಿ ಹೇಳಿದ್ದರು. ಉತ್ತರ ಅಮೆರಿಕದಿಂದ ಸಾವಿರಾರು ಕಿಲೋಮೀಟರ್ ಹಾರಿ ಬರುವ ಮೊನಾರ್ಕ್ ಚಿಟ್ಟೆಗಳು ಅಲ್ಲಿಯ ಮಿಚೋವಕಾನ್ ಪ್ರಾಂತದಲ್ಲಿ ಸುಮಾರು 3000 ಮೀಟರ್ ಎತ್ತರದ ಬೆಟ್ಟಗಳ ಫರ್ ಮರಗಳಿಗೆ ಜೋತುಬಿದ್ದು ಚಳಿಗಾಲ ಕಳೆಯುತ್ತವೆ. ಆ ಸುತ್ತಿನ ಹಳ್ಳಿಗರಿಗೆ ಮೊದಲೇ ಪರಿಚಿತವಾಗಿದ್ದ ಈ ನೆಲೆ ವಿಜ್ಞಾನಿಗಳ ಅರಿವಿಗೆ ಬಂದದ್ದು 1975ರ ಜನವರಿಯಲ್ಲಿ. ಇಂದು ಅಲ್ಲಿಗೆ ಹೋಗುವ ಯಾತ್ರಿಕರು ಊರಿನ ಮಾರ್ಗದರ್ಶಕರ ಜೊತೆ ಮಾತಿಲ್ಲದೆ ನಡೆಯಬೇಕು. ದೇವಸ್ಥಾನದಲ್ಲಿ ಇರುವ ಹಾಗೆಯೇ ಎಂದು ಮೇಷ್ಟ್ರು ಸೇರಿಸಿದರಂತೆ.

ಹಳ್ಳದ ಇಕ್ಕೆಲದಲ್ಲೂ ಹೊಂಗೆಯ ಮರಗಳು. ನೀರು ತೆಳ್ಳಗೆ ಹರಿಯುತ್ತಿತ್ತು. ಮೊದಲ ನೋಟಕ್ಕೆ ಒಂದು ಒಣಗಿದ ಬಳ್ಳಿಯ ತುಂಬ ತರಗೆಲೆ ಜೋತಾಡುತ್ತಿದ್ದಂತೆ ಕಂಡಿತು. ಬಿಸಿಲಿನ ಕೋಲೊಂದು ಸರಿದು ಅದರ ಮೇಲೆ ಬಿದ್ದಾಗ ಆ ತರಗೆಲೆಗಳು ಒಂದೊಂದಾಗಿ ತೆರೆದುಕೊಂಡವು. ಒಳಗೆ ನೀಲಿ. ಮಕ್ಕಳು ಉಸಿರು ಬಿಗಿಹಿಡಿದರು. ಚಿಕ್ಕ ಹುಡುಗನೊಬ್ಬ ತಡೆಯಲಾರದೆ ಚಪ್ಪಾಳೆ ತಟ್ಟಿ ಮುನ್ನುಗ್ಗಿದಾಗ ಇಡೀ ಬಳ್ಳಿಯೇ ಎದ್ದು ಗಾಳಿಯಲ್ಲಿ ಹರಡಿತು, ನೂರಾರು ರೆಕ್ಕೆಗಳ ಮೃದುವಾದ ಸಪ್ಪಳ ಕಿವಿಗೆ ಕೇಳಿಸಿತು. ಮೇಷ್ಟ್ರು ಹುಡುಗನ ಹೆಗಲ ಮೇಲೆ ಕೈಯಿಟ್ಟು ನಿಲ್ಲಿಸಿದರು. ಕಾಲು ಗಂಟೆಯ ಬಳಿಕ ಚಿಟ್ಟೆಗಳು ಮತ್ತೆ ಅದೇ ಬಳ್ಳಿಗೆ ಇಳಿದವು. ಆ ಹುಡುಗ ಅಷ್ಟು ಹೊತ್ತೂ ನಿಂತ ಕಾಲು ಕದಲಿಸಲಿಲ್ಲ.

ಹಳ್ಳದ ದಂಡೆಯ ಗಿಲಗಿಚ್ಚಿ ಗಿಡಗಳಲ್ಲಿ ಕೆಲವು ಮುರಿದು ಒಣಗಿದ್ದವು. ಚಿಟ್ಟೆಗಳು ಹೂವನ್ನು ಬಿಟ್ಟು ಆ ಒಣಗಿದ ಕಾಂಡಕ್ಕೇ ಮುತ್ತಿದ್ದವು.

“ತಾತ, ಹೂವು ಪಕ್ಕದಲ್ಲೇ ಇದೆಯಲ್ಲ, ಒಣಕಡ್ಡಿಯಲ್ಲಿ ಇವಕ್ಕೆ ಏನು ಸಿಗುತ್ತೆ?” ಎಂದಳು ಮೊಮ್ಮಗಳು. ತಾತನಿಗೆ ಉತ್ತರ ಗೊತ್ತಿರಲಿಲ್ಲ. ಜಮೀನಿನ ರೈತ, ಆ ಗಿಡವನ್ನು ದನ ಕೂಡ ಮುಟ್ಟುವುದಿಲ್ಲ, ಅದು ಕಹಿ ಎಂದಷ್ಟೇ ಹೇಳಿದ. ಉತ್ತರದ ಅರ್ಧ ಅದರಲ್ಲೇ ಇತ್ತು. ಒಣಗುವ ಗಿಲಗಿಚ್ಚಿಯಿಂದಲೂ ಚೇಳುಕೊಂಡಿಯಂಥ ಗಿಡಗಳಿಂದಲೂ ಗಂಡು ಚಿಟ್ಟೆಗಳು ಒಂದು ಬಗೆಯ ಕ್ಷಾರವಿಷವನ್ನು ಹೀರುತ್ತವೆ. ಅದು ಆಹಾರವಲ್ಲ, ಹೆಣ್ಣನ್ನು ಒಲಿಸುವ ಪರಿಮಳಕ್ಕೂ ಹಕ್ಕಿಗಳ ಬಾಯಿಗೆ ರುಚಿಸದಂತೆ ಉಳಿಯುವುದಕ್ಕೂ ಬೇಕಾದ ದ್ರವ್ಯ. ಯಾರನ್ನೂ ಕಚ್ಚದೆ, ಕುಟುಕದೆ, ಕೇವಲ ಕಹಿಯಾಗಿರುವುದರಿಂದಲೇ ತನ್ನನ್ನು ಕಾಪಾಡಿಕೊಳ್ಳುವ ಜೀವಿ ಅದು.

ಮೂರು ಗಂಟೆಗೆ ಹೊರಡಬೇಕೆಂದು ನಿಶ್ಚಯವಾಗಿತ್ತು. ಮೂರೂವರೆಯಾದರೂ ಯಾರಿಗೂ ಏಳುವ ಮನಸ್ಸಿರಲಿಲ್ಲ. ಮಕ್ಕಳಿಗಿಂತ ಹಿರಿಯರದೇ ಹಟ ಹೆಚ್ಚಾಗಿತ್ತು. ಸಭೆಯಲ್ಲಿ ನಕ್ಕಿದ್ದವರು ಎಲ್ಲರಿಗಿಂತ ಕೊನೆಗೆ ಹಳ್ಳದಿಂದ ಮೇಲೆ ಬಂದರು. ಬಸ್ಸು ಹೊರಟಾಗ ನಾಲ್ಕು ಗಂಟೆ ಐದು ನಿಮಿಷ. ಹಂಪಾಪುರದ ಮನೆಯಲ್ಲಿ ಎಲ್ಲರಿಗೂ ಅಡುಗೆ ಸಿದ್ಧವಾಗಿತ್ತು. ಆ ದಿನ ಸೂರ್ಯಾಸ್ತ ಸುಮಾರು ಆರಕ್ಕೆ ಹತ್ತು ನಿಮಿಷ ಮುಂಚೆ. ಲೆಕ್ಕ ಹಾಕಿದರೆ ಐದು ಗಂಟೆಗೆ ಊಟ ಮುಗಿಯಬೇಕು. ಮೇಷ್ಟ್ರು ಚಾಲಕನ ಹಿಂದಿನ ಆಸನದಲ್ಲಿ ಕುಳಿತು ಗಡಿಯಾರ ನೋಡತೊಡಗಿದರು.

ಸಂಜೆಯಾಗುತ್ತಿದ್ದಂತೆ ಈ ಚಿಟ್ಟೆಗಳು ತಂಗುವ ಮರಗಳನ್ನು ಅರಸಿ ಕೆಳಕ್ಕೆ ಇಳಿಯುತ್ತವೆ. ರಸ್ತೆಯ ಒಂದು ಬದಿಯ ಹೊಲದಿಂದ ಇನ್ನೊಂದು ಬದಿಯ ತೋಪಿಗೆ, ಸೊಂಟದೆತ್ತರದಲ್ಲಿ, ಆತುರವಿಲ್ಲದೆ ತೇಲಿ ಬರುತ್ತವೆ.

“ಮೇಷ್ಟ್ರೇ, ಹುಳ ಬಹಳ ಅಡ್ಡ ಬರ್ತಾವೆ” ಎಂದ ಚಾಲಕ. ವೇಗ ತಗ್ಗಿತು.

“ಹೋಗಪ್ಪಾ, ಹೊತ್ತು ಮುಳುಗುತ್ತೆ” ಎಂದರು ಮೇಷ್ಟ್ರು.

ಬಸ್ಸು ಐದಕ್ಕೆ ಹತ್ತು ನಿಮಿಷವಿರುವಾಗ ಮನೆಯ ಮುಂದೆ ನಿಂತಿತು. ಎಲ್ಲರೂ ಲಗುಬಗೆಯಿಂದ ಕೈಕಾಲು ತೊಳೆದು ಎಲೆಯ ಮುಂದೆ ಕುಳಿತರು. ಮೊಮ್ಮಗಳು ಮಾತ್ರ ಕಾಣಲಿಲ್ಲ. ಕರೆಯಲು ಹೊರಬಂದ ಮೇಷ್ಟ್ರಿಗೆ ಅವಳು ಬಸ್ಸಿನ ಮುಂಭಾಗದಲ್ಲಿ ನಿಂತಿರುವುದು ಕಂಡಿತು. ಗಾಳಿಯಾಡಲು ಬಿಟ್ಟ ಜಾಲರಿಯಲ್ಲಿ, ಗಾಜಿನ ಒರೆಸುಕಡ್ಡಿಯ ಸಂದಿನಲ್ಲಿ, ದೀಪದ ಸುತ್ತಿನ ಚೌಕಟ್ಟಿನಲ್ಲಿ ಚಿಟ್ಟೆಗಳು ಸಿಕ್ಕಿಕೊಂಡಿದ್ದವು. ಕೆಲವಕ್ಕೆ ರೆಕ್ಕೆ ಪೂರ್ತಿ ಇತ್ತು, ದೇಹವಿರಲಿಲ್ಲ. ಅವಳು ಎಣಿಸುತ್ತಿದ್ದಳು. ಇಪ್ಪತ್ತೇಳು ಎಂದಳು. ಅಳುತ್ತಿರಲಿಲ್ಲ. “ತಾತ, ಮೂರಕ್ಕೆ ಇನ್ನೂ ಜೀವ ಇದೆ” ಎಂದಳು.

ಮೇಷ್ಟ್ರು ಹೆಗಲ ವಸ್ತ್ರದ ತುದಿಯಿಂದ ಆ ಮೂರನ್ನು ಬಿಡಿಸಿ ದಾಸವಾಳದ ಗಿಡದ ಎಲೆಗಳ ಮೇಲೆ ಇಟ್ಟರು. ಒಳಗಿನಿಂದ ಬಂದ ಅವರ ಪತ್ನಿ ವಿಷಯ ತಿಳಿದು ಪಂಚನಮಸ್ಕಾರ ಮಂತ್ರವನ್ನು ಮೆಲುದನಿಯಲ್ಲಿ ಹೇಳಿದರು. ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಕುಮಾರನು ಅದೇ ಮಂತ್ರವನ್ನು ಹೇಳಿದ ಕಥೆಯನ್ನು ಕೇಳಿ ಬೆಳೆದ ಮನೆತನ ಅದು. ಆದರೆ ಚಿಟ್ಟೆಗೆ ಶ್ರೋತ್ರೇಂದ್ರಿಯವಿಲ್ಲವೆಂದು ಪಾಠಶಾಲೆಯಲ್ಲಿ ಕಲಿತಿದ್ದ ಮೊಮ್ಮಗಳು ಅಜ್ಜಿಯ ಮುಖವನ್ನೊಮ್ಮೆ ನೋಡಿದಳು, ಏನೂ ಕೇಳಲಿಲ್ಲ.

ಮೇಷ್ಟ್ರು ಆ ಸಂಜೆ ಊಟ ಮಾಡಲಿಲ್ಲ. ಅವರನ್ನು ಕಾಡಿದ್ದು ಇಪ್ಪತ್ತೇಳು ಎಂಬ ಸಂಖ್ಯೆ ಮಾತ್ರವಲ್ಲ. ರಾತ್ರಿಯಲ್ಲಿ ಉಣಬಾರದೆಂಬ ನಿಯಮ ಹುಟ್ಟಿದ್ದಾದರೂ ಏಕೆ? ಕತ್ತಲಲ್ಲಿ ಕಾಣದ ಹುಳುಹುಪ್ಪಟೆ ಅನ್ನಕ್ಕೂ ದೀಪಕ್ಕೂ ಬಿದ್ದು ಸಾಯದಿರಲಿ ಎಂಬುದು ಅದರ ಒಂದು ಮುಖ್ಯ ಕಾರಣ. ಆ ವ್ರತವನ್ನು ಉಳಿಸಿಕೊಳ್ಳುವ ಅವಸರದಲ್ಲಿಯೇ, ಹಾಡುಹಗಲಿನಲ್ಲಿ, ಚಾಲಕ ಕಣ್ಣಾರೆ ಕಂಡು ಎಚ್ಚರಿಸಿದ ಮೇಲೂ, ಆ ಹುಳುಗಳ ಮೇಲೆ ವಾಹನ ಹರಿದಿತ್ತು. ಚಾಲಕನಾದರೋ ಜೈನನಲ್ಲ. ವೇಗ ತಗ್ಗಿಸಿದವನು ಅವನು. ಹೆಚ್ಚಿಸೆಂದವರು ತಾವು.

ಮುಂದಿನ ಸಭೆಯಲ್ಲಿ ಮೇಷ್ಟ್ರು ಇದನ್ನು ಮುಚ್ಚಿಡದೆ ಹೇಳಿದರು. ಚರ್ಚೆ ನಡೆಯಿತು. ಟ್ರಸ್ಟಿನ ಹಿರಿಯ ಸದಸ್ಯರೊಬ್ಬರು, ವ್ಯಾಪಾರದಲ್ಲಿ ನುರಿತವರಾದರೂ ಶಾಸ್ತ್ರದ ಪರಿಚಯವಿದ್ದವರು, ಸಮಾಧಾನದ ಮಾತಾಡಿದರು. ಗೃಹಸ್ಥನು ಪೂರ್ಣವಾಗಿ ತೊರೆಯಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ಅಡುಗೆ, ಮನೆಗೆಲಸಗಳಲ್ಲಿ ಆಗುವ ಆರಂಭೀ ಹಿಂಸೆ, ಕೃಷಿ-ವಾಣಿಜ್ಯದಲ್ಲಿ ಆಗುವ ಉದ್ಯಮೀ ಹಿಂಸೆ, ಆತ್ಮರಕ್ಷಣೆಯ ವಿರೋಧೀ ಹಿಂಸೆ ಇವು ಅವನಿಗೆ ಪೂರ್ಣವಾಗಿ ತಪ್ಪಿಸಲಾಗದವು. ಕೊಲ್ಲುವ ಸಂಕಲ್ಪ ಅಲ್ಲಿ ಯಾರಿಗಿತ್ತು? ರಸ್ತೆಯಲ್ಲಿ ದಿನವೂ ನೂರಾರು ಲಾರಿ, ಬಸ್ಸು ಓಡುತ್ತವೆ. ಒಂದು ಮಿನಿ ಬಸ್ಸು ಮನೆಯಲ್ಲೇ ನಿಂತಿದ್ದರೆ ಆ ಚಿಟ್ಟೆಗಳು ಉಳಿಯುತ್ತಿದ್ದವೇ? ಮಾತು ತೆಗೆದುಹಾಕುವಂಥದ್ದಲ್ಲ. ಹೊಲಕ್ಕೆ ಹೋಗುವವರು, ಆಸ್ಪತ್ರೆಗೆ ಧಾವಿಸುವವರು, ಸಂತೆಗೆ ಸರಕು ಸಾಗಿಸುವವರು ಇದೇ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಅವರಿಗೆ ಈ ಉತ್ತರ ಸಲ್ಲುತ್ತದೆ.

ಮೇಷ್ಟ್ರು ತಮಗೆ ಅದು ಸಲ್ಲುವುದಿಲ್ಲವೆಂದರು. ಅಂದಿನ ಪ್ರಯಾಣ ಅಡುಗೆಗಾಗಿ ಅಲ್ಲ, ಜೀವನೋಪಾಯಕ್ಕಲ್ಲ, ಆತ್ಮರಕ್ಷಣೆಗಂತೂ ಅಲ್ಲ, ನೋಡುವ ಆಸೆಗಾಗಿ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆಯ ಕೆಳಗೆ, ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು ಮೊದಲಾದವುಗಳ ಜೊತೆಗೆ, ವೃಥಾ ಅಲೆಯುವುದನ್ನೂ ಇತರರನ್ನು ಅಲೆಯಿಸುವುದನ್ನೂ ಸೇರಿಸಿದ್ದಾರೆ. ಅಲೆದವರು ಇಪ್ಪತ್ತೊಂದು ಮಂದಿ, ಅಲೆಯಿಸಿದವನು ನಾನು ಎಂದರು. ಮೇಲಾಗಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣ ಹೇಳುವಾಗ ಸಂಕಲ್ಪದ ಮಾತೆತ್ತದೆ ಪ್ರಮಾದವನ್ನೇ ಮುಂದಿಟ್ಟಿದ್ದಾರಲ್ಲ ಎಂದೂ ನೆನಪಿಸಿದರು.

ಹಾಗಾದರೆ ಇನ್ನು ಮುಂದೆ ಹೋಗುವುದೇ ಬೇಡ ಎಂದು ಒಬ್ಬರು ಸೂಚಿಸಿದರು. ವಿಚಿತ್ರವೆಂದರೆ ಇದನ್ನು ಬಲವಾಗಿ ವಿರೋಧಿಸಿದವರು ಮೊದಲು ನಕ್ಕಿದ್ದ ಆ ಸದಸ್ಯರೇ. ಹಳ್ಳದಿಂದ ಮರಳಿದ ವಾರದಲ್ಲಿ ಅವರು ತಮ್ಮ ತೋಟದ ಅಂಚಿಗೆ ಕಳೆನಾಶಕ ಹೊಡೆಯಲು ಗೊತ್ತುಮಾಡಿದ್ದ ಆಳನ್ನು ವಾಪಸು ಕಳಿಸಿದ್ದರು. ಗಿಲಗಿಚ್ಚಿ ಅಲ್ಲಿಯೂ ಇದೆಯೆಂದು ಅವರಿಗೆ ಅದುವರೆಗೆ ಕಂಡೇ ಇರಲಿಲ್ಲ. ಆ ದಿನದ ಅಲೆದಾಟ ವೃಥಾ ಆಯಿತೆಂದು ಬರೆಯುವುದಾದರೆ ತಮ್ಮ ಸಹಿ ಇಲ್ಲವೆಂದರು. ನಿರ್ಣಯವಾಗದೆ ಸಭೆ ಮುಗಿಯಿತು.

ಈ ತೊಡಕನ್ನು ಎದುರಿಸಿದವರು ಹಂಪಾಪುರದವರು ಮಾತ್ರವಲ್ಲ. ತೈವಾನ್ ದ್ವೀಪದಲ್ಲಿ ಇಲ್ಲಿಯ ಕಾಗೆಚಿಟ್ಟೆಯ ಕುಲಕ್ಕೇ ಸೇರಿದ ನೇರಳೆ ರೆಕ್ಕೆಯ ಚಿಟ್ಟೆಗಳು ದಕ್ಷಿಣದ ಮಾವ್‌ಲಿನ್ ಕಣಿವೆಗಳಲ್ಲಿ ಚಳಿಗಾಲ ಕಳೆದು, ವಸಂತದಲ್ಲಿ ಉತ್ತರಕ್ಕೆ ಹಾರುತ್ತವೆ. ದಾರಿಯಲ್ಲಿ ಲಿನ್‌ನೇ ಎಂಬಲ್ಲಿ ದೊಡ್ಡ ಹೆದ್ದಾರಿಯೊಂದು ಅಡ್ಡಬರುತ್ತದೆ. 2007ರಲ್ಲಿ ಅಲ್ಲಿಯ ಸರ್ಕಾರ ಚಿಟ್ಟೆಗಳು ದಾಟುವ ಹೊತ್ತಿನಲ್ಲಿ ಹೆದ್ದಾರಿಯ ಒಂದು ಪಥವನ್ನು ವಾಹನಗಳಿಗೆ ಮುಚ್ಚಿತು. ರಸ್ತೆಯ ಪಕ್ಕದಲ್ಲಿ ಎತ್ತರದ ಬಲೆ ಕಟ್ಟಿಸಿತು. ಹಿಡಿಯಲು ಕಟ್ಟಿದ ಬಲೆಯಲ್ಲ. ಎದುರಾದ ಬಲೆಯನ್ನು ಏರಿ ದಾಟುವ ಚಿಟ್ಟೆ ವಾಹನಗಳ ನೆತ್ತಿಗಿಂತ ಮೇಲೆ ಹಾರಿಹೋಗಲಿ ಎಂಬ ಉಪಾಯ. ಮೊಮ್ಮಗಳು ಇದನ್ನು ಎಲ್ಲೋ ಓದಿ ತಾತನಿಗೆ ತಿಳಿಸಿದಾಗ ಅವರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಹೆದ್ದಾರಿ ಮುಚ್ಚಿಸುವ ಶಕ್ತಿ ಒಂದು ಚಿಕ್ಕ ಬಸದಿಯ ಟ್ರಸ್ಟಿಗೆಲ್ಲಿಯದು? ಆದರೆ ಬಸ್ಸಿನ ವೇಗ ಅವರ ಕೈಯಲ್ಲಿಯೇ ಇತ್ತು.

2023ರಲ್ಲಿ ಮಳೆ ಕೈಕೊಟ್ಟಿತು. ಚಿಟ್ಟೆಗಳು ಬೇಲಿಯ ಬಳಿ ತಡವಾಗಿ, ವಿರಳವಾಗಿ ಕಂಡವು. ನವೆಂಬರ್ ಕೊನೆಯಲ್ಲಿ ಅದೇ ಮಿನಿ ಬಸ್ಸು, ಅದೇ ಚಾಲಕ. ಈ ಸಲ ಹೊರಡುವ ಮೊದಲು ಮೇಷ್ಟ್ರು ಅವನ ಜೊತೆ ಕುಳಿತು ಮಾತಾಡಿದ್ದರು. ಕತ್ತಲಾದ ಮೇಲೆ, ಚಿಟ್ಟೆಗಳೆಲ್ಲ ತಂಗಿದ ಮೇಲೆ ಹೊರಟರೆ ಹೇಗೆ ಎಂದು ಮೇಷ್ಟ್ರು ಕೇಳಿದರು. ಆಗ ಇವು ಇರೋದಿಲ್ಲ, ದೀಪಕ್ಕೆ ಬರೋ ಹುಳ ಇದಕ್ಕಿಂತ ಜಾಸ್ತಿ ಎಂದು ಅವನು ತಲೆಯಾಡಿಸಿದ. ಇಪ್ಪತ್ತೈದರ ವೇಗದಲ್ಲಿ ಹೋದರೆ ಗಾಜಿನ ಮುಂದಿನ ಗಾಳಿಯೇ ಹುಳುವನ್ನು ಮೇಲಕ್ಕೆ ಎತ್ತಿಬಿಡುತ್ತದೆ, ಅದು ತನಗೆ ಗೊತ್ತು ಎಂದ. ಹಾಗೆಯೇ ಆಗಲಿ ಎಂದು ಗೊತ್ತಾಯಿತು. ಊಟದ ಬುತ್ತಿಯನ್ನೂ ಸೋಸಿದ ನೀರನ್ನೂ ಜೊತೆಗೇ ಒಯ್ದರು. ಮೂರು ಗಂಟೆಗೆ ಹಳ್ಳದ ದಂಡೆಯಲ್ಲೇ ಎಲ್ಲರ ಊಟವಾಯಿತು. ಇನ್ನು ಮನೆ ತಲುಪಲು ಯಾವ ಗಡುವೂ ಇರಲಿಲ್ಲ.

ಮರಳುವಾಗ ಅಂತರಸಂತೆಗೆ ಇನ್ನೂ ದೂರವಿರುವಲ್ಲಿ ಚಿಟ್ಟೆಗಳು ರಸ್ತೆ ದಾಟುತ್ತಿದ್ದವು. ಚಾಲಕ ಬಸ್ಸನ್ನು ಬದಿಗೆ ತಂದು ಎಂಜಿನ್ ನಿಲ್ಲಿಸಿದ. ಹಿಂದೆ ಬಂದ ಜೀಪಿನವರು ಹಾರ್ನ್ ಒತ್ತಿದರು. ಚಾಲಕ ಇಳಿದು ಹೋಗಿ ಏನೋ ಹೇಳಿದ; ಜೀಪಿನಲ್ಲಿದ್ದವರಲ್ಲಿ ಒಬ್ಬ ನಕ್ಕ, ಇನ್ನೊಬ್ಬ ಇಳಿದು ನಿಂತು ನೋಡಿದ. ಎದುರಿನಿಂದ ಬಂದ ಲಾರಿಯೊಂದು ನಿಲ್ಲಲಿಲ್ಲ. ಅದು ಹೋದ ಮೇಲೆ ರಸ್ತೆಯ ಮೇಲೆ ಬಿದ್ದಿದ್ದ ಐದಾರನ್ನು ಮೊಮ್ಮಗಳೂ ಹೋದ ವರ್ಷ ಚಪ್ಪಾಳೆ ತಟ್ಟಿದ್ದ ಹುಡುಗನೂ ಎಲೆಯ ಮೇಲೆತ್ತಿ ಪಕ್ಕದ ಬೇಲಿಗೆ ಸೇರಿಸಿದರು. ಬಸ್ಸು ಮತ್ತೆ ಹೊರಟಾಗ ಸೂರ್ಯ ಮರಗಳ ಹಿಂದಕ್ಕೆ ಇಳಿದಿದ್ದ.

ಹಂಪಾಪುರ ಸೇರುವಾಗ ಏಳು ಗಂಟೆ ದಾಟಿತ್ತು. ಮೇಷ್ಟ್ರು ಬ್ಯಾಟರಿ ದೀಪ ಹಿಡಿದು ಜಾಲರಿಯ ಮುಂದೆ ಬಗ್ಗಿದರು. ಕೊನೆಯ ಮೈಲಿಗಳ ಕತ್ತಲಲ್ಲಿ ದೀಪಕ್ಕೆ ಬಂದ ಸಣ್ಣ ಹುಳುಗಳು ಗಾಜಿನ ಮೇಲೆ ಅಲ್ಲಲ್ಲಿ ಅಂಟಿದ್ದವು. ಜಾಲರಿಯ ಎಡಮೂಲೆಯಲ್ಲಿ ಎರಡು ನೀಲಿ ರೆಕ್ಕೆಗಳು. ಅವರು ಅವನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಚಾಲಕ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ.

“ಎಷ್ಟು ಮೇಷ್ಟ್ರೇ?”

“ಎರಡು.”

“ಬರೋ ವರ್ಷ ಇನ್ನೂ ಒಂದು ಗಂಟೆ ಮುಂಚೆ ಬಿಡೋಣ” ಎಂದು ಅವನು ಬಸ್ಸಿನ ದೀಪ ಆರಿಸಿದ.